ಹಳ್ಳಕ್ಕೂ ಒಂದು ಕೋಡಿ ಬೇಕು

ಏಪ್ರಿಲ್ ಕಳೆಯುವುದರೊಳಗೆ ಸುರಪುರ, ಶಹಾಪುರ, ಯಾದಗಿರಿ ಸೀಮೆಯ ಯಾವುದಾದರೊಂದು ಹಳ್ಳಕ್ಕೆ ಜೆಸಿಬಿ ಇಳಿಯುತ್ತದೆ. ಜಾಲಿಕಂಟಿಯನ್ನು ಬೇರುಸಹಿತ ಕೀಳುತ್ತದೆ, ತಳದ ಹೂಳು ಬಾಚಿ ಎರಡೂ ದಂಡೆಯ ಮೇಲೆ ಒಡ್ಡಿನ ಹಾಗೆ ಒಟ್ಟುತ್ತದೆ. ಬಳುಕಿ ಹರಿಯುತ್ತಿದ್ದ ಹಳ್ಳ ತಿಂಗಳೊಪ್ಪತ್ತಿನಲ್ಲಿ ನೆಟ್ಟಗಾಗಿ, ಆಳವಾಗಿ, ಅಚ್ಚುಕಟ್ಟಾಗಿ ಕಾಣುತ್ತದೆ. ಕಾಮಗಾರಿಯ ಫಲಕದಲ್ಲಿ ‘ಹಳ್ಳದ ಪುನಶ್ಚೇತನ’ ಎಂದಿರುತ್ತದೆ. ಈ ಭಾಗದಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಆಗ ಒಟ್ಟಿದ ಮಣ್ಣು ಮೊದಲು ಜಾರುತ್ತದೆ, ಅದರ ಬೆನ್ನಿಗೇ ದಂಡೆಯೂ ಕುಸಿಯುತ್ತದೆ. ಎರಡು ಮೂರು ಮಳೆಗಾಲ ಕಳೆದರೆ ಹಳ್ಳದ ತುಂಬ ಮತ್ತದೇ ಹೂಳು, ಮತ್ತದೇ ಜಾಲಿ. ಮತ್ತೊಂದು ಏಪ್ರಿಲ್, ಮತ್ತೊಂದು ಟೆಂಡರ್.

ಗುತ್ತಿಗೆದಾರರನ್ನು ಬೈಯುವುದು ಸುಲಭ. ಆದರೆ ಈ ಕೆಲಸವನ್ನು ಪೈಸೆ ಪೈಸೆಗೆ ಲೆಕ್ಕವಿಟ್ಟು ಪ್ರಾಮಾಣಿಕವಾಗಿ ಮಾಡಿದರೂ ಫಲ ಹೆಚ್ಚುಕಡಿಮೆ ಇಷ್ಟೇ. ಕುಂದು ಇರುವುದು ನಕ್ಷೆಯಲ್ಲಿ. ನೀರು ಹರಿಯಬೇಕಾದ ಪಾತ್ರವನ್ನು ಅದರಲ್ಲಿ ಬರೆದಿರುತ್ತಾರೆ. ಪಾತ್ರ ತುಂಬಿದ ಮೇಲೆ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆದಿರುವುದಿಲ್ಲ.

ಇದೇ ಸೀಮೆಯಲ್ಲಿ ಕೆರೆ ಕಟ್ಟಿದವರು ಆ ಪ್ರಶ್ನೆಯನ್ನು ಮರೆತಿರಲಿಲ್ಲ. ಸುರಪುರದ ಹತ್ತಿರದ ಬೋನಾಳ ಕೆರೆಯನ್ನೇ ನೋಡಿ. ಹದಿನೇಳನೇ ಶತಮಾನದಲ್ಲಿ ದೊರೆ ಪಾಮನಾಯಕ ಕಟ್ಟಿಸಿದ ಕೆರೆಯದು. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್, ಸುರಪುರದ ಬಾಲದೊರೆ ವೆಂಕಟಪ್ಪ ನಾಯಕ ‘ಅಪ್ಪಾ’ ಎಂದು ಕರೆಯುತ್ತಿದ್ದ ಆ ಇಂಗ್ಲಿಷ್ ಅಧಿಕಾರಿ, ಅದನ್ನು ಸುಧಾರಿಸಿದ. ಈಗ ಅದು ಪಕ್ಷಿಧಾಮ. ಕೆರೆ ಕಟ್ಟುವವನು ಏರಿಯ ಎತ್ತರದ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದನೋ ಕೋಡಿಯ ಬಗ್ಗೆಯೂ ಅಷ್ಟೇ ಕೆಡಿಸಿಕೊಳ್ಳುತ್ತಿದ್ದ. ಹೆಚ್ಚಿನ ನೀರು ಯಾವ ಮಟ್ಟದಲ್ಲಿ, ಎಷ್ಟು ಅಗಲದಲ್ಲಿ, ಯಾವ ಗಟ್ಟಿ ನೆಲದ ಮೇಲೆ ಹೊರಬೀಳಬೇಕು ಎಂದು ಮೊದಲೇ ಗೊತ್ತು ಮಾಡಿದ ಕೆರೆ ಮುನ್ನೂರು ವರ್ಷ ಬಾಳಿದೆ. ಕೋಡಿಯಿಲ್ಲದ ಕೆರೆ ಒಂದೇ ಮಳೆಗೆ ಒಡೆಯುತ್ತದೆ ಎಂಬುದು ಇಲ್ಲಿ ದನ ಕಾಯುವ ಹುಡುಗನಿಗೂ ಗೊತ್ತು. ಹಳ್ಳದ ವಿಷಯಕ್ಕೆ ಬಂದಾಗ ಮಾತ್ರ ಇಂಜಿನಿಯರಿಗೂ ಇದು ಮರೆತುಹೋಗುತ್ತದೆ.

ಹಳ್ಳದ ಕೋಡಿ ಅದರ ಪಕ್ಕದಲ್ಲೇ ಉದ್ದಕ್ಕೂ ಇರುತ್ತದೆ. ಪಾತ್ರದ ಅಂಚಿಗೆ ತಗುಲಿಕೊಂಡು, ಹಳ್ಳ ತಾನೇ ಹೊತ್ತು ತಂದ ಮಣ್ಣಿನಿಂದ ಹರವಿಕೊಂಡ ತಗ್ಗಿನ ಸಮತಟ್ಟು ಪಟ್ಟಿ ಅದು. ಪುಸ್ತಕದ ಕನ್ನಡದಲ್ಲಿ ಪ್ರವಾಹ ಬಯಲು ಅಥವಾ ನೆರೆಬಯಲು ಎನ್ನುತ್ತೇವೆ. ಊರವರಿಗೆ ಅದು ಹಳ್ಳದ ದಂಡಿ. ಜಗತ್ತಿನ ಬಹುಪಾಲು ಹೊಳೆಗಳು ಸರಾಸರಿ ಒಂದೂವರೆ–ಎರಡು ವರ್ಷಕ್ಕೊಮ್ಮೆ ಬರುವಷ್ಟು ನೀರಿಗೆ ಮಾತ್ರ ತಮ್ಮ ಪಾತ್ರವನ್ನು ಕೊರೆದುಕೊಳ್ಳುತ್ತವೆ. ಅದಕ್ಕಿಂತ ದೊಡ್ಡ ನೀರು ಬಂದರೆ ದಂಡೆ ದಾಟಿ ಹರಡಬೇಕು ಎಂಬುದು ಅವುಗಳ ಕಟ್ಟುನಿಟ್ಟಾದ ಏರ್ಪಾಡು. ಪಾತ್ರ ತುಂಬಿ ಅಂಚಿಗೆ ಬರುವ ಆ ಮಟ್ಟವನ್ನು ಗುರುತಿಸುವುದೇ ಹೊಳೆ ಸರಿಪಡಿಸುವ ವಿದ್ಯೆಯ ಮೊದಲ ಪಾಠ.

ಆ ಹರಡುವಿಕೆಯಿಂದ ಏನು ಲಾಭ? ನೀರು ಹೊಳೆಯ ತಳವನ್ನು ಎಳೆಯುವ ಬಲ ನೀರಿನ ಆಳಕ್ಕೆ ತಕ್ಕಂತೆ ಏರುತ್ತದೆ; ಇಳಿಜಾರು ಅಷ್ಟೇ ಇದ್ದು ಆಳ ಇಮ್ಮಡಿಯಾದರೆ ಬಲವೂ ಇಮ್ಮಡಿ. ದಂಡೆ ದಾಟಲು ಬಿಟ್ಟರೆ ನೀರು ಅಗಲಕ್ಕೆ ಹೋಗುತ್ತದೆ, ಆಳ ಅಷ್ಟಾಗಿ ಏರುವುದಿಲ್ಲ, ತಳವೂ ಉಳಿಯುತ್ತದೆ. ಹಳ್ಳವನ್ನು ಆಳ ಮಾಡಿ ದಂಡೆಗೆ ಮಣ್ಣು ಏರಿಸಿದರೆ ದೊಡ್ಡ ನೀರು ಹೊರಗೆ ಹೋಗದೆ ಅಲ್ಲೇ ಸಿಕ್ಕಿಬಿದ್ದು ತಳವನ್ನೂ ಮಗ್ಗುಲನ್ನೂ ಕೆರೆಯುತ್ತದೆ. ಇನ್ನು ನಮ್ಮದು ಎರೆ ಮಣ್ಣು. ಒಣಗಿದರೆ ಕಾಲು ಹೋಗುವಷ್ಟು ಬಿರಿಯುವ, ನೆನೆದರೆ ಊದಿಕೊಳ್ಳುವ ಜೇಡಿ. ಹಳ್ಳ ತುಂಬಿದಾಗ ಆ ದಂಡೆ ನೀರು ಕುಡಿದು ಭಾರವಾಗುತ್ತದೆ. ಹಳ್ಳ ಸರ್ರನೆ ಇಳಿದಾಗ ಎದುರಿನಿಂದ ಒತ್ತಿ ಹಿಡಿದಿದ್ದ ನೀರು ಇರುವುದಿಲ್ಲ, ಒಳಗಿನ ಭಾರ ಹಾಗೇ ಇರುತ್ತದೆ. ಹೀಗಾಗಿ ನಮ್ಮ ಹಳ್ಳಗಳ ದಂಡೆ ನೆರೆ ಏರುವಾಗ ಕುಸಿಯುವುದಕ್ಕಿಂತ ನೆರೆ ಇಳಿದ ಮರುದಿನ ಕುಸಿಯುವುದೇ ಹೆಚ್ಚು. ಎರಡಾಳು ಎತ್ತರ ನೆಟ್ಟಗೆ ಕಡಿದ ಎರೆ ಮಣ್ಣಿನ ಗೋಡೆ ನಿಲ್ಲುತ್ತದೆ ಎಂದು ನಂಬುವವರು ಎರೆ ಹೊಲದಲ್ಲಿ ಬಾವಿ ತೋಡಿಸಿದ ಯಾರನ್ನಾದರೂ ಕೇಳಬೇಕು.

ಹುಣಸಗಿಯ ಕಣಿವೆ

ಹಳ್ಳ ಮತ್ತು ಅದರ ಬಯಲಿನ ಸಂಬಂಧವನ್ನು ನೋಡಲು ಹುಣಸಗಿ–ಬೈಚಬಾಳ ಕಣಿವೆಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಕಡಿಮೆ. ಸುತ್ತ ಗುಡ್ಡ, ನಡುವೆ ಸುಮಾರು 500 ಚದರ ಕಿ.ಮೀ. ಬೋಗುಣಿ, ಅದರೊಳಗಿನ ನೀರನ್ನೆಲ್ಲ ಕೂಡಿಸಿಕೊಂಡು ಕೃಷ್ಣೆಗೆ ಒಯ್ಯುವ ಹಳ್ಳ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ದಶಕಗಟ್ಟಲೆ ಈ ಕಣಿವೆಯಲ್ಲಿ ನಡೆದಾಡಿ ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ನೆಲೆಗಳಲ್ಲಿ ಇಸಾಂಪುರ ಹೆಸರುವಾಸಿ. 1983ರಲ್ಲಿ ಪತ್ತೆಯಾದ ಈ ನೆಲೆಯಲ್ಲಿ ಮನುಷ್ಯರ ಪೂರ್ವಜರು ಸುಣ್ಣಕಲ್ಲಿನ ಹಲಗೆಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಕಾಲನಿರ್ಣಯ ಸುಮಾರು 12 ಲಕ್ಷ ವರ್ಷದಷ್ಟು ಹಿಂದಕ್ಕೆ ಹೋಗುತ್ತದೆ.

ಆ ಪೂರ್ವಜರು ಇಲ್ಲಿಯೇ ಏಕೆ ನಿಂತರು ಎಂಬ ಪ್ರಶ್ನೆಗೆ ಪದ್ದಯ್ಯ ಕೊಟ್ಟ ಉತ್ತರ ಈ ಲೇಖನಕ್ಕೂ ಬೇಕು. ಗುಡ್ಡದ ಸುಣ್ಣಕಲ್ಲಿನ ಪದರದಡಿಯಿಂದ ಜಿನುಗುವ ಒರತೆಗಳು ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ದೇವಾಪುರ, ಕಲ್ಲದೇವನಹಳ್ಳಿಯ ಕಡೆ ಅಂಥ ಒರತೆಗಳಿವೆ. ವರ್ಷಕ್ಕೆ 600–700 ಮಿ.ಮೀ. ಮಳೆಯ ಆಸುಪಾಸಿನ ಬರಗಾಲದ ನಾಡಿನಲ್ಲಿ, ಬೇಸಿಗೆಯಲ್ಲಿ ಮಂದಿ ಆ ಒರತೆಯ ಹಳ್ಳಗಳ ದಂಡೆಗೆ ಬಂದು ಗುಂಪುಗೂಡುತ್ತಿದ್ದರು, ಮಳೆಗಾಲದಲ್ಲಿ ಚದುರುತ್ತಿದ್ದರು ಎಂಬುದು ಅವರ ವಾದ. ಇಸಾಂಪುರದ ನೆಲೆ ಹೊರಬಿದ್ದದ್ದು ನೀರಾವರಿ ಕಾಮಗಾರಿಗೆಂದು ಮೇಲಿನ ಕಪ್ಪು ಹೂಳುಮಣ್ಣನ್ನು ತೆಗೆದಾಗ. ಹಳ್ಳ ಹರಡಿ ಹರಡಿ ಹಾಸಿದ ಮಣ್ಣು ಅದು. ಆ ಹಾಸು ಇಲ್ಲದಿದ್ದರೆ ಕಲ್ಲಿನ ಚಕ್ಕೆಗಳು ಎಂದೋ ಕೊಚ್ಚಿಹೋಗಿರುತ್ತಿದ್ದವು. ಯಂತ್ರ ಇನ್ನಷ್ಟು ಆಳಕ್ಕೆ ಹೋಗಿದ್ದರೂ ಅದೇ ಗತಿ. ಹಳ್ಳಕ್ಕೆ ಜೆಸಿಬಿ ಇಳಿಸುವ ಮುನ್ನ ಈ ತಾಲ್ಲೂಕಿನಲ್ಲಿ ಪುರಾತತ್ವದವರನ್ನು ಒಮ್ಮೆ ಕೇಳಬೇಕು ಎನ್ನಲು ಇದೊಂದೇ ಕಾರಣ ಸಾಕು.

ಈ ಕಣಿವೆಯ ಹಳ್ಳಗಳ ಸ್ವಭಾವ ನಮ್ಮ ಕಣ್ಣೆದುರೇ ಬದಲಾಯಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿಯಿತು: ಹತ್ತೂವರೆ ಕಿ.ಮೀ. ಉದ್ದದ ಕಟ್ಟೆ, 30 ಗೇಟು. ಎಡದಂಡೆ ಕಾಲುವೆ, ಅದರಿಂದ ಹುಣಸಗಿ, ಶಹಾಪುರ, ಮುದಬಾಳ, ಜೇವರ್ಗಿ ಶಾಖಾ ಕಾಲುವೆಗಳು ಹೊರಟವು. ಯೋಜನೆ ಬರೆದವರು ಲೆಕ್ಕ ಹಾಕಿದ್ದು ಜೋಳ, ಶೇಂಗಾ, ಹತ್ತಿಯಂಥ ಲಘು ನೀರಾವರಿ ಬೆಳೆಗೆ. ರೈತರು ಬೆಳೆದದ್ದು ಭತ್ತ. ಗದ್ದೆ ಬಸಿದ ನೀರು, ಕಾಲುವೆ ಸೋರಿದ ನೀರು ಎಲ್ಲವೂ ಹಳ್ಳಕ್ಕೇ ಬಂತು. ಮಳೆಗಾಲ ಮುಗಿಯುತ್ತಲೇ ಬತ್ತುತ್ತಿದ್ದ ಹಳ್ಳಗಳಲ್ಲಿ ಕಾಲುವೆ ಬಿಟ್ಟಷ್ಟು ದಿನವೂ ನೀರು ನಿಂತಿತು. ನೀರು ನಿಂತಲ್ಲಿ ಜೇಕು, ಆಪು ಬೆಳೆದವು, ಅಂಚಿಗೆ ಬಳ್ಳಾರಿ ಜಾಲಿ ಹಬ್ಬಿತು. ಅದೇ ಹೊತ್ತಿಗೆ ದಂಡೆಯ ತಗ್ಗು ಪಟ್ಟಿಗೆ ಮಣ್ಣು ತುಂಬಿ, ಮಟ್ಟ ಮಾಡಿ, ಗದ್ದೆಯ ಬದು ಹಳ್ಳದ ತುದಿಗೇ ಬಂದು ಕೂತಿತು.

ಹೀಗೆ ಈಗಿನ ಹಳ್ಳದ ಮೇಲೆ ಎರಡು ಹೊಣೆ. ವರ್ಷದಲ್ಲಿ ಎಂಟು ತಿಂಗಳು ಮೊಳಕಾಲುದ್ದ ನೀರನ್ನು ಕೊಳೆಯಲು ಬಿಡದೆ ಸಾಗಿಸಬೇಕು. ಸೆಪ್ಟೆಂಬರಿನ ಒಂದೆರಡು ರಾತ್ರಿ ಅದರ ನೂರು ಪಟ್ಟು ನೀರನ್ನು ಹೊರಬೇಕು. ಒಂದೇ ಆಳದ, ಒಂದೇ ಅಗಲದ ಚರಂಡಿ ಇವೆರಡನ್ನೂ ಮಾಡಲಾರದು. ದೊಡ್ಡ ನೀರಿಗೆ ತಕ್ಕಂತೆ ಅಗಲ ಮಾಡಿದರೆ ಸಣ್ಣ ನೀರು ತೆಳ್ಳಗೆ ಹರಡಿ ಹೂಳು ಬಿಟ್ಟು ಜೇಕು ಬೆಳೆಸುತ್ತದೆ. ಸಣ್ಣ ನೀರಿಗೆ ತಕ್ಕಂತೆ ಮಾಡಿದರೆ ದೊಡ್ಡ ನೀರು ಊರಿಗೆ ನುಗ್ಗುತ್ತದೆ. ಎರಡು ಮಟ್ಟದ ಹಳ್ಳವೇ ಇದಕ್ಕೆ ದಾರಿ: ಒಳಗೆ ಕಿರಿದಾದ, ಬಳುಕುವ ಪಾತ್ರ, ಅದರ ಮಗ್ಗುಲಿಗೆ ಒಂದೂವರೆ ಮೀಟರ್ ಮೇಲೆ ಹುಲ್ಲು ಹಾಸಿದ ತಟ್ಟು, ಅದರಾಚೆ ಇಳಿಜಾರಾದ ದಂಡೆ. ತಟ್ಟು ಎಂದರೆ ಕೈಯಾರೆ ಕಡೆದುಕೊಟ್ಟ ನೆರೆಬಯಲು.

ಡೋಣಿಯ ಹೂಳು

‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂದು ವಿಜಯಪುರದ ಕಡೆ ಮಾತಿದೆ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಹಾದು, ತಾಳಿಕೋಟೆಯ ಮಗ್ಗುಲಲ್ಲಿ ಹರಿದು, ನಮ್ಮ ಹಳೆಯ ಸುರಪುರ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಕೂಡುವ ಡೋಣಿ ಬೇಸಿಗೆಯಲ್ಲಿ ನದಿಯೆಂದು ಹೇಳಿಕೊಳ್ಳುವಂಥದ್ದಲ್ಲ. ನೀರು ಉಪ್ಪುಪ್ಪು. ಆದರೆ ಅದರ ಬಯಲು ಬಿಳಿಜೋಳದ ಕಣಜ. ನದಿ ಮಳೆಗಾಲದಲ್ಲಿ ಉಕ್ಕಿ ಹೊಲಕ್ಕೆ ಬಂದು ಹಸಿ ಕೊಟ್ಟು ಇಳಿಯುತ್ತದೆ, ರೈತ ಆ ಹಸಿಯಲ್ಲಿ ಹಿಂಗಾರಿ ಬಿತ್ತುತ್ತಾನೆ, ಎಳ್ಳಮಾಸಿಗೆ ಚರಗ ಚೆಲ್ಲುವ ಹೊತ್ತಿಗೆ ಜೋಳ ಎದೆಮಟ್ಟ ನಿಂತಿರುತ್ತದೆ. ಗಾದೆ ಹೇಳುವುದು ನೆರೆಬಯಲಿನ ಬೇಸಾಯವನ್ನೇ. 1564ರ ಕೊನೆಗೆ ದಖ್ಖನಿನ ಸುಲ್ತಾನರ ಸೈನ್ಯಗಳು ವಿಜಯನಗರದ ಮೇಲೆ ಹೋಗುವ ಮುನ್ನ ತಾಳಿಕೋಟೆಯಲ್ಲಿ ಕೂಡಿದ್ದು ಕೂಡ ಡಿಸೆಂಬರಿನಲ್ಲಿ. ಆ ಪಾಟಿ ಕುದುರೆ, ಆನೆ, ಎತ್ತುಗಳಿಗೆ ಮೇವು ಆ ತಿಂಗಳಲ್ಲಿ ಡೋಣಿಯ ಬಯಲಿನಲ್ಲಿ ಸಿಗದೆ ಇನ್ನೆಲ್ಲಿ ಸಿಕ್ಕೀತು?

ಈಗ ಡೋಣಿಯೆಂದರೆ ಹೂಳು ಮತ್ತು ಜಾಲಿ. ಪಾತ್ರ ತುಂಬಿಹೋಗಿ, ಸ್ವಲ್ಪ ಮಳೆಗೇ ನೀರು ದಿಕ್ಕಾಪಾಲಾಗಿ ಹರಡುತ್ತದೆ, ತಾಳಿಕೋಟೆಯ ಸುತ್ತಿನ ತಗ್ಗು ಸೇತುವೆಗಳು ಮುಳುಗುತ್ತವೆ. ಹೂಳೆತ್ತಿ ಎಂಬ ಬೇಡಿಕೆ ದಶಕಗಳಿಂದ ಇದೆ. ಪ್ರತಿ ಸರ್ಕಾರವೂ ಆ ಮಾತನ್ನು ಆಡಿದೆ. ಬೇಡಿಕೆ ನ್ಯಾಯವಾದದ್ದು. ಆದರೆ ಎತ್ತಿದ ಹೂಳನ್ನು ದಂಡೆಗೇ ಒಟ್ಟಿ ಡೋಣಿಯನ್ನು ಎರಡು ಏರಿಗಳ ನಡುವೆ ಕಟ್ಟಿಹಾಕಿದರೆ ನೀರು ಹೊಲಕ್ಕೆ ಬರುವುದು ನಿಲ್ಲುತ್ತದೆ, ಜೊತೆಗೆ ಹಸಿಯೂ ನಿಲ್ಲುತ್ತದೆ. ಅದೇ ನೀರು ತಡೆಯಿಲ್ಲದೆ ಬೇಗ ಕೆಳಗಿಳಿದು ಹುಣಸಗಿ ಸೀಮೆಯ ಊರುಗಳ ಮೇಲೆ ಬೀಳುತ್ತದೆ. ವಿಜಯಪುರದ ರೈತರಿಗೆ ಬೇಕಾದ ಹೂಳೆತ್ತುವಿಕೆಯ ವಿನ್ಯಾಸವನ್ನು ಯಾದಗಿರಿ ಜಿಲ್ಲೆಯವರು ಕಣ್ಣಿಟ್ಟು ಓದಬೇಕಾದದ್ದು ಇದಕ್ಕೇ.

ಹೂಳು ತುಂಬಿದ ಹೊಳೆಗೆ ಬೇರೆ ಚಿಕಿತ್ಸೆಯೂ ಉಂಟು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರಾಬರ್ಟ್ ವಾಲ್ಟರ್ ಮತ್ತು ಡೊರೊತಿ ಮೆರಿಟ್ಸ್ ಎಂಬ ಭೂವಿಜ್ಞಾನಿಗಳು 2008ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಅಲ್ಲಿನ ಹೊಳೆಗಳ ಎತ್ತರದ ಮಣ್ಣಿನ ದಂಡೆಗಳು ಸಹಜವಾದವಲ್ಲ. ಹಳೆಯ ಕಾಲದ ಗಿರಣಿಗಳಿಗೆಂದು ಕಟ್ಟಿದ ಸಣ್ಣ ಒಡ್ಡುಗಳ ಹಿಂದೆ ಶೇಖರವಾದ ಹೂಳು. ಅದರಡಿಯಲ್ಲಿ ಹಳೆಯ ಜೌಗು ಬಯಲು ಕಪ್ಪು ಪದರವಾಗಿ, ಹುಲ್ಲಿನ ಬೀಜಗಳ ಸಮೇತ ಹುದುಗಿತ್ತು. ಬಿಗ್ ಸ್ಪ್ರಿಂಗ್ ರನ್ ಎಂಬ ಸಣ್ಣ ತೊರೆಯಲ್ಲಿ 2011ರಲ್ಲಿ ಸಾವಿರಾರು ಟನ್ ಹೂಳನ್ನು ತೆಗೆದಾಗ ಅವರು ಪಾತ್ರವನ್ನಷ್ಟೇ ತೋಡಲಿಲ್ಲ. ಕಣಿವೆಯ ಅಗಲಕ್ಕೂ ತೆಗೆದು ಆ ಹಳೆಯ ಬಯಲಿನ ಮಟ್ಟವನ್ನೇ ಹೊರತಂದರು. ಹೊಳೆ ತನ್ನ ಸಣ್ಣ ಹರಿವುಗಳನ್ನು ಅದರ ಮೇಲೆ ತಾನೇ ಹುಡುಕಿಕೊಂಡಿತು. ಡೋಣಿಯ ಅಗಲಕ್ಕೆ, ಉದ್ದಕ್ಕೆ ಇದು ಪೂರಾ ಒಗ್ಗದು. ಆದರೆ ಒಂದೆರಡು ಕಡೆ ದಂಡೆಯ ಮಗ್ಗುಲಲ್ಲಿ ಮಣ್ಣಿಗೆ ಗುಂಡಿ ತೆಗೆದು, ಹಳೆಯ ಬಯಲು ಎಷ್ಟು ಆಳದಲ್ಲಿದೆ ಎಂದು ನೋಡದೆಯೇ ಹೂಳೆತ್ತುವ ಅಂದಾಜುಪಟ್ಟಿ ಬರೆಯುವುದು ಮಾತ್ರ ಕುರುಡು ಲೆಕ್ಕ.

ಲೆಕ್ಕ ಹಾಕಿ ನೋಡೋಣ

ಹಳ್ಳದ ಒಳಪಾತ್ರ 8 ಮೀಟರ್ ಅಗಲ, ತುಂಬಿದಾಗ ಒಂದೂವರೆ ಮೀಟರ್ ಆಳ ಎಂದುಕೊಳ್ಳಿ. ಇದರ ಇಮ್ಮಡಿ ಆಳ, ಅಂದರೆ ತಳದಿಂದ 3 ಮೀಟರ್ ಎತ್ತರಕ್ಕೆ ಹಗ್ಗ ಹಿಡಿದು ದಂಡೆಯಿಂದ ದಂಡೆಗೆ ಅಳೆಯಿರಿ. ಅಲ್ಲಿಯೂ ಅಗಲ 10 ಮೀಟರ್ ಮಾತ್ರ ಇದ್ದರೆ ಹಳ್ಳ ಕೊರಕಲಿನಲ್ಲಿ ಸಿಕ್ಕಿಕೊಂಡಿದೆ. 18 ಮೀಟರಿನಷ್ಟು ಸಿಕ್ಕರೆ ಬದುಕಿದೆ. ಅಮೆರಿಕದ ಜಲವಿಜ್ಞಾನಿ ಡೇವ್ ರಾಸ್ಗೆನ್ ಬಳಕೆಗೆ ತಂದ ಈ ಅಳತೆಯಲ್ಲಿ ಎರಡು ಅಗಲಗಳ ಅನುಪಾತ 1.4ಕ್ಕಿಂತ ಕಡಿಮೆಯಾದರೆ ಅಪಾಯ, 2.2 ದಾಟಿದರೆ ಕ್ಷೇಮ. ರಾಸ್ಗೆನ್ ಪದ್ಧತಿಗೆ ಟೀಕಾಕಾರರೂ ಇದ್ದಾರೆ. ಎಲ್ಲ ಹೊಳೆಗಳನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸುತ್ತದೆ ಎಂಬುದು ಅವರ ದೂರು. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ರೋಗ ಪತ್ತೆಗೆ ಮಾತ್ರ ಇಷ್ಟು ಸಾಕು.

ಈಗ ಕೊರಕಲಿನಲ್ಲಿ ಸಿಕ್ಕ ಹಳ್ಳಕ್ಕೆ ಎರಡೂ ಕಡೆ ಐದೈದು ಮೀಟರ್ ತಟ್ಟು ಕಡೆಯಬೇಕು ಎನ್ನಿ. ಒಂದು ಕಿ.ಮೀ. ಉದ್ದಕ್ಕೆ ಒಂದು ಹೆಕ್ಟೇರ್, ಎಂದರೆ ಸುಮಾರು ಎರಡೂವರೆ ಎಕರೆ ನೆಲ ಬೇಕು. ಆ ತಟ್ಟಿನ ಮೇಲೆ ಒಂದು ಮೀಟರ್ ನೀರು ನಿಂತರೆ ಒಂದು ಕೋಟಿ ಲೀಟರ್. ಬೇಸಿಗೆಯಲ್ಲಿ ಊರಿಗೆ ಬರುವ ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಎರಡು ಸಾವಿರ ಟ್ಯಾಂಕರ್. ಎರಡು ಮೀಟರ್ ಆಳಕ್ಕೆ ಕಡೆದರೆ ಹೊರಬೀಳುವ ಮಣ್ಣು 20 ಸಾವಿರ ಘನಮೀಟರ್. ಅದನ್ನು ದಂಡೆಗೆ ಒಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ. ಹೊಲಕ್ಕೆ ಐದು ಸೆಂ.ಮೀ. ದಪ್ಪ ಹರಡಿದರೆ ನೂರು ಎಕರೆಗೆ ಸಾಕಾಗುತ್ತದೆ. ಕೆರೆಯ ಹೂಳನ್ನು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುವ ರೂಢಿ ಇಲ್ಲಿ ಇದ್ದೇ ಇದೆ. ಒಂದು ಎಚ್ಚರಿಕೆ: ಕಾಲುವೆ ಅಚ್ಚುಕಟ್ಟಿನ ತಗ್ಗಿನ ಮಣ್ಣಿನಲ್ಲಿ ಸವುಳು ಸೇರಿರಬಹುದು. ಮಸಾರಿ ಹೊಲಕ್ಕೆ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸದಿದ್ದರೆ ಉಪಕಾರ ಮಾಡಲು ಹೋಗಿ ಹೊಲ ಕೆಡಿಸಿದಂತಾಗುತ್ತದೆ. ತಟ್ಟಿನ ಮೇಲ್ಮಣ್ಣನ್ನು ಬೇರೆಯೇ ತೆಗೆದಿಟ್ಟು, ಕಡೆದ ಮೇಲೆ ಮತ್ತೆ ಅದನ್ನೇ ಹಾಸಬೇಕು. ಕರಿಕೆ, ಲಾವಂಚ ಬೇರು ಬಿಡುವುದು ಅದರಲ್ಲಿ.

ಹುಲ್ಲು ಇರಬೇಕೋ ಮರ ಇರಬೇಕೋ ಎಂಬುದೂ ವಿನ್ಯಾಸದ ಮಾತೇ. ಊರಿನ ಮೇಲ್ಭಾಗದಲ್ಲಿ ನೀರು ನಿಧಾನವಾಗಲಿ, ಕಸಕಡ್ಡಿ ತಡೆಯಲಿ ಎಂದು ಹೊಂಗೆ, ನೇರಳೆ, ಲಕ್ಕಿ ಬೆಳೆಸಬಹುದು. ಊರಿನ ಮಗ್ಗುಲಲ್ಲಿ ನೀರು ಬೇಗ ಸಾಗಲಿ ಎಂದು ಬರೀ ಹುಲ್ಲು. ಬಳ್ಳಾರಿ ಜಾಲಿ ಎರಡೂ ಕಡೆ ಬೇಡ. ಅದರ ಸೌದೆ, ಇದ್ದಲಿನಿಂದ ಹೊಟ್ಟೆ ಹೊರೆಯುವ ಮನೆಗಳಿವೆ ಎಂಬುದನ್ನು ಮರೆತು ಕಡಿಸುವುದೂ ಬೇಡ. ಕಡಿಯುವ ಹಕ್ಕನ್ನು ಅವರಿಗೇ ಕೊಟ್ಟರೆ ಕೆಲಸವೂ ಆಯಿತು, ಕೂಳೂ ಆಯಿತು.

ಇಷ್ಟೆಲ್ಲ ಮಾಡಿದ ಮೇಲೂ ಹಳ್ಳವನ್ನು ಸೋಲಿಸುವ ಒಂದು ವಸ್ತು ಇದೆ: ರಸ್ತೆ. ಏರಿಸಿ ಕಟ್ಟಿದ ರಸ್ತೆ ನೆರೆಬಯಲನ್ನು ಅಡ್ಡ ಕತ್ತರಿಸಿ, ಇಡೀ ಬಯಲಿನ ನೀರನ್ನು ಪಾತ್ರದ ಮೇಲಿನ ನಾಲ್ಕು ಸಿಮೆಂಟ್ ಪೈಪಿಗೆ ತುರುಕುತ್ತದೆ. ಮೇಲ್ಗಡೆ ನೀರು ಕಟ್ಟಿ ಹೂಳು ಕೂರುತ್ತದೆ. ಕೆಳಗಡೆ ಕಾರಂಜಿಯಂತೆ ನುಗ್ಗಿ ಗುಂಡಿ ಬೀಳುತ್ತದೆ. ತಟ್ಟಿನ ಮಟ್ಟದಲ್ಲೇ ರಸ್ತೆಯಡಿ ಇನ್ನೆರಡು ಮೂರು ಒಣ ಮೋರಿ ಇಟ್ಟರೆ ನೆರೆಯ ದಿನ ಅವು ಕೆಲಸ ಮಾಡುತ್ತವೆ, ಉಳಿದ ದಿನ ದನಕರು ದಾಟುತ್ತವೆ. ಕಾಲುವೆ ಹಳ್ಳವನ್ನು ದಾಟುವ ಕಡೆಗಳಲ್ಲೂ ಇದೇ ಸಮಸ್ಯೆ. ಅಲ್ಲಿನ ಕಂಡಿಗಳ ಅಗಲವನ್ನು ಎಂದೋ ಹಾಕಿದ ಲೆಕ್ಕದ ಮೇಲೆ ಕಟ್ಟಿದ್ದಾರೆ, ಈಗ ಒಡೆಯುವಂತಿಲ್ಲ. ಆದ್ದರಿಂದ ಹಳ್ಳದ ವಿನ್ಯಾಸ ಆ ಕಂಡಿಯಿಂದಲೇ ಮೇಲಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು.

ಕೃಷ್ಣೆ, ಭೀಮೆಯ ಮಾತು ಬೇರೆ

ಹಳ್ಳಕ್ಕೆ ಹೇಳಿದ್ದನ್ನು ಹೊಳೆಗೂ ಹೇಳುವ ಆಸೆ ಬೇಡ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಆರು ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟರು. ಸೆಕೆಂಡಿಗೆ 17 ಸಾವಿರ ಘನಮೀಟರ್. ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ದಾರಿಯ ಹೂವಿನಹೆಡಗಿ ಸೇತುವೆ ಮುಳುಗಿ ಸಂಚಾರ ನಿಂತಿತು. ನೆದರ್ಲೆಂಡ್ಸ್ ದೇಶ 1993 ಮತ್ತು 1995ರ ನೆರೆಯಿಂದ ಬೆಚ್ಚಿಬಿದ್ದು, ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಿದ ಮೇಲೆ, ನದಿಗಳಿಗೆ ಜಾಗ ಬಿಡುವ ದೊಡ್ಡ ಯೋಜನೆ ಹಾಕಿಕೊಂಡಿತು. 30ಕ್ಕೂ ಹೆಚ್ಚು ಕಡೆ, 200 ಕೋಟಿ ಯೂರೊಗೂ ಮಿಕ್ಕಿ ಖರ್ಚು. ನೈಮೇಖನ್ ನಗರದ ಎದುರು ನದಿಯ ಏರಿಯನ್ನೇ 350 ಮೀಟರ್ ಹಿಂದಕ್ಕೆ ಸರಿಸಿದರು. ಅಷ್ಟೆಲ್ಲ ಮಾಡಿ ರೈನ್ ನದಿಯಲ್ಲಿ ಅವರು ಎದುರಿಸಲು ಸಜ್ಜಾದದ್ದು ಸೆಕೆಂಡಿಗೆ 16 ಸಾವಿರ ಘನಮೀಟರ್ ನೀರನ್ನು. ನಮ್ಮ ಕೃಷ್ಣೆ ಆ ಮಟ್ಟವನ್ನು ಒಂದು ಮಳೆಗಾಲದಲ್ಲಿ ದಾಟಿಬಿಟ್ಟಳು. ಇಲ್ಲಿ ಕಡೆಯುವ ಮಾತಿಲ್ಲ. ಸರಿದು ನಿಲ್ಲುವ ಮಾತು ಮಾತ್ರ. ನಾರಾಯಣಪುರದ ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಕವಲೊಡೆದು ಗಡ್ಡಿಗಳನ್ನು ಸುತ್ತಿ ಹರಿಯುತ್ತಾಳೆ. ಅಲ್ಲಿ ಅವಳ ಬಯಲೆಂದರೆ ಆ ಗಡ್ಡಿಗಳೂ ಹೌದು. ನೀಲಕಂಠರಾಯನಗಡ್ಡಿಯಂಥ ಕಡೆ ಜನವೂ ಇದ್ದಾರೆ.

ಭೀಮೆಯ ಕಥೆ ಇನ್ನೊಂದು ಬಗೆ. ನೀರಿನ ಕೀಲಿ ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿದೆ. ಕೆಳಗೆ ಸೊನ್ನ, ಸನ್ನತಿ, ಗುರುಸಣಗಿಯಲ್ಲಿ ಬ್ಯಾರೇಜುಗಳು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತ ತೆಲಂಗಾಣ, ಕಲಬುರಗಿ ಸೀಮೆಯನ್ನು ಹಾದು ಮಹಾರಾಷ್ಟ್ರಕ್ಕೆ ಹೋಯಿತು. ಮಳೆಗಾಲದ ಕೊನೆಗೆ ತುಂಬಿ ನಿಂತಿದ್ದ ಜಲಾಶಯಗಳಿಗೆ ಅಷ್ಟು ನೀರು ಹಿಡಿಯಲು ಜಾಗವಿರಲಿಲ್ಲ. ಯಾದಗಿರಿಯ ಹೊಳೆದಂಡೆಯ ಕಂಗಳೇಶ್ವರ, ವೀರಾಂಜನೇಯ ಗುಡಿಗಳು ಜಲಾವೃತವಾದವು. ನೆರೆ ಇಳಿದ ಮೇಲೆ ಗುಡಿಗಳು ಅಲ್ಲೇ ಇದ್ದವು, ಕೆಸರು ತೊಳೆದು ಪೂಜೆ ಮತ್ತೆ ನಡೆಯಿತು. ನೆರೆಬಯಲಿನಲ್ಲಿ ಏನು ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ: ಕಲ್ಲಿನ ಗುಡಿ, ಮೆಟ್ಟಿಲು, ಮೈದಾನ, ಮೇವಿನ ಹೊಲ. ಮನೆ ಬೇಡ, ದವಸದ ಗೋದಾಮು ಬೇಡ, ವಿದ್ಯುತ್ ಉಪಕೇಂದ್ರ ಬೇಡ.

ಹೊಳೆ ಉಬ್ಬಿದಾಗ ಹಳ್ಳಗಳಿಗೂ ಕಷ್ಟ. ಕೃಷ್ಣೆ, ಭೀಮೆ ಎತ್ತರದಲ್ಲಿದ್ದರೆ ಹಳ್ಳದ ನೀರು ಅವುಗಳೊಳಗೆ ಇಳಿಯಲಾರದು; ಹಿನ್ನೀರು ಹಳ್ಳದ ಬಾಯಿಯಿಂದ ಮೇಲಕ್ಕೆ ಹತ್ತುತ್ತದೆ. ಆದ್ದರಿಂದ ಹಳ್ಳ ಹೊಳೆ ಸೇರುವ ಕೊನೆಯ ಒಂದೆರಡು ಕಿ.ಮೀ.ನಲ್ಲಿ ಎಷ್ಟು ತಟ್ಟು ಕಡೆದರೂ ಪ್ರಯೋಜನ ಕಡಿಮೆ. ನೀರನ್ನು ಮೇಲಿನ ಕಣಿವೆಯಲ್ಲೇ ತಡೆದು ನಿಧಾನಿಸಬೇಕು.

ನೀರಿಗೆ ಪಹಣಿ

ಕಷ್ಟ ಇರುವುದು ಜಮೀನಿನ ಕಾಗದದಲ್ಲಿ. ಗ್ರಾಮ ನಕ್ಷೆಯಲ್ಲಿ ಹಳ್ಳಕ್ಕೆ ಎರಡು ಗೆರೆ ಇದೆ. ಪಹಣಿಯಲ್ಲಿ ಅದು ‘ಬ’ ಖರಾಬು, ಸಾರ್ವಜನಿಕ ನೆಲ. ಅದರ ಮಗ್ಗುಲಿನ ತಗ್ಗು ಪಟ್ಟಿ ಮಾತ್ರ ಪಟ್ಟಾ ಜಮೀನು. ನಿಜಾಮರ ಆಡಳಿತವಿದ್ದಾಗಿನ ಹಳೆಯ ಮೋಜಣಿಯ ಗೆರೆ ಕಾಗದದಲ್ಲಿ ಕದಲಿಲ್ಲ. ಹಳ್ಳವಂತೂ ಅಷ್ಟರಲ್ಲಿ ಎಷ್ಟು ಸಲ ಮಗ್ಗುಲು ಬದಲಿಸಿದೆಯೋ. ಕೆಲವು ಕಡೆ ಖರಾಬಿನ ಮೇಲೆ ಜೋಳ ನಿಂತಿದೆ, ಪಟ್ಟಾ ಜಮೀನಿನ ಮೇಲೆ ಹಳ್ಳ ಹರಿಯುತ್ತಿದೆ. ಒತ್ತುವರಿ ತೆರವು ಎಂದು ಹೊರಡುವ ತಹಶೀಲ್ದಾರರಿಗೆ ಇಲ್ಲಿ ಯಾರು ಯಾರ ನೆಲ ಒತ್ತಿದ್ದಾರೆ ಎಂದು ಹೇಳುವುದೇ ಕಷ್ಟ.

ನೆರೆಬಯಲಿಗೆ ಪ್ರತ್ಯೇಕ ಕಾನೂನು ಬೇಕೆಂದು ಕೇಂದ್ರ ಜಲ ಆಯೋಗ 1975ರಲ್ಲೇ ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳಿಸಿತು. ಮಣಿಪುರ, ರಾಜಸ್ಥಾನ, ಉತ್ತರಾಖಂಡ, ಹಿಂದಿನ ಜಮ್ಮು–ಕಾಶ್ಮೀರ ರಾಜ್ಯ ಕಾಯ್ದೆ ಮಾಡಿದವು. ಕರ್ನಾಟಕದಲ್ಲಿ ಆ ಮಾತು ಎದ್ದಾಗಲೆಲ್ಲ ಅದು ಬೆಂಗಳೂರಿನ ರಾಜಕಾಲುವೆಯ ಮಾತಾಗಿಬಿಡುತ್ತದೆ. ರಾಜಕಾಲುವೆಗಳ ಇಕ್ಕೆಲದಲ್ಲಿ 50, 35, 25 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಯಾದಗಿರಿ ಜಿಲ್ಲೆಯ ಹಳ್ಳಕ್ಕೆ ಇಂಥ ಅಳತೆಯ ಚರ್ಚೆಯೂ ನಡೆದದ್ದಿಲ್ಲ. ನಡೆದರೂ ಎಲ್ಲ ಹಳ್ಳಕ್ಕೂ ಇಷ್ಟೇ ಮೀಟರ್ ಎಂಬ ಒಂದೇ ಅಳತೆ ನನಗೆ ಒಪ್ಪಿಗೆಯಿಲ್ಲ. ಗುಡ್ಡದ ಬುಡದ ಹಳ್ಳಕ್ಕೆ ಐದು ಮೀಟರ್ ಸಾಕು. ಬಯಲಿಗೆ ಬಂದದ್ದಕ್ಕೆ ಐವತ್ತೂ ಸಾಲದು.

ಎರಡು ಎಕರೆಯ ರೈತನಿಗೆ ಹತ್ತು ಗುಂಟೆ ತಟ್ಟಿಗೆ ಬಿಡು ಎಂದರೆ ಅವನು ಏಕೆ ಬಿಟ್ಟಾನು? ಡಚ್ಚರ ಓವರ್‌ಡೀಪ್ಸೆ ಪೋಲ್ಡರ್ ಎಂಬ ಕಡೆ ರೈತರೇ ಒಂದು ಉಪಾಯ ಮುಂದಿಟ್ಟರು: ಮನೆ, ಕೊಟ್ಟಿಗೆಗಳಿಗೆ ಎತ್ತರದ ದಿಬ್ಬ ಕಟ್ಟಿಕೊಡಿ, ಏರಿಯನ್ನು ತಗ್ಗಿಸಿ, ಸರಾಸರಿ 25 ವರ್ಷಕ್ಕೊಮ್ಮೆ ನದಿ ನಮ್ಮ ಹೊಲಕ್ಕೆ ಬರಲಿ. ಅಲ್ಲಿಯ ಹಣ ನಮ್ಮಲ್ಲಿಲ್ಲ. ಅದರ ಹಿಂದಿನ ವಿಚಾರಕ್ಕೆ ಹಣ ಬೇಕಾಗಿಲ್ಲ. ತಟ್ಟಿನ ನೆಲ ರೈತನ ಹೆಸರಿನಲ್ಲೇ ಇರಲಿ. ಮುಂಗಾರಿಯಲ್ಲಿ ಅವನು ಅಲ್ಲಿ ಭತ್ತ ನಾಟಬಾರದು, ಮಣ್ಣು ತುಂಬಬಾರದು. ಅದಕ್ಕೆ ಪ್ರತಿ ವರ್ಷ ಎಕರೆಗಿಷ್ಟು ಎಂದು ಗೇಣಿ ಕೊಡಲಿ. ಹಿಂಗಾರಿಯಲ್ಲಿ ಕಡಲೆ, ಬಿಳಿಜೋಳ, ಮೇವು ಅವನದೇ. ಹೊಸ ಬೇಸಾಯವಲ್ಲ ಇದು. ಡೋಣಿಯ ಮಂದಿ ಮಾಡಿಕೊಂಡು ಬಂದದ್ದೇ. ಪ್ರತಿ ಮೂರು ವರ್ಷಕ್ಕೊಮ್ಮೆ ಹೂಳೆತ್ತಲು ಸುರಿಯುವ ಹಣದ ಒಂದು ಪಾಲು ಈ ಗೇಣಿಗೆ ಹೋದರೆ ಖಜಾನೆಗೇನೂ ಭಾರವಾಗದು. ಕಂದಾಯ, ಸಣ್ಣ ನೀರಾವರಿ, ಕೃಷಿ, ಪಂಚಾಯತ್‌ರಾಜ್, ಕೃಷ್ಣಾ ಭಾಗ್ಯ ಜಲ ನಿಗಮ, ಲೋಕೋಪಯೋಗಿ ಇವರೆಲ್ಲ ಒಂದು ಹಳ್ಳದ ಮೇಲೆ ಒಂದೇ ಕಾಗದಕ್ಕೆ ಸಹಿ ಹಾಕಬೇಕು ಎಂಬುದೇ ದೊಡ್ಡ ಭಾರ.

ಆದ್ದರಿಂದ ಡೋಣಿಯಿಂದ ಶುರು ಮಾಡಬಾರದು. ಅಮೆರಿಕದ ಫ್ಲಾರಿಡಾದವರು 166 ಕಿ.ಮೀ. ಬಳುಕುತ್ತಿದ್ದ ಕಿಸ್ಸಿಮಿ ನದಿಯನ್ನು 1962ರಿಂದ 1971ರೊಳಗೆ 90 ಕಿ.ಮೀ. ಕಾಲುವೆಯಾಗಿ ನೆಟ್ಟಗೆ ಮಾಡಿದರು. ತಪ್ಪು ತಿದ್ದಿ ಒಂದು ಭಾಗವನ್ನು ಮೊದಲಿನ ಹಾದಿಗೆ ತರುವ ಕೆಲಸ 1999ರಲ್ಲಿ ಶುರುವಾಗಿ ಮುಗಿದದ್ದು 2021ರಲ್ಲಿ. ದೊಡ್ಡ ನದಿಯಲ್ಲಿ ಎಲ್ಲವೂ ಇಷ್ಟು ನಿಧಾನ. ಹುಣಸಗಿ ಕಣಿವೆಯ ಒಂದು ಸಣ್ಣ ಹಳ್ಳ, ಎರಡು ಸೇತುವೆಗಳ ನಡುವಿನ ಎರಡು ಕಿ.ಮೀ. ಉದ್ದ, ಮೊದಲಿಗೆ ಒಂದೇ ದಂಡೆ ಸಾಕು. ಫೆಬ್ರುವರಿಯಲ್ಲಿ ಅಳತೆ, ಕಾಲುವೆ ನೀರು ನಿಂತ ಏಪ್ರಿಲ್–ಮೇ ತಿಂಗಳಲ್ಲಿ ಕಡೆಯುವ ಕೆಲಸ, ಮೊದಲ ಮಳೆಗೆ ಹುಲ್ಲು. ಕಡೆಯದೆ ಬಿಟ್ಟ ಎದುರಿನ ದಂಡೆಯೇ ಹೋಲಿಕೆಗೆ ಸಿಗುತ್ತದೆ. ಎರಡೂ ಸೇತುವೆಯ ಕಂಬಕ್ಕೆ ಮೀಟರ್ ಗುರುತು ಬಳಿದು, ನೆರೆಯ ರಾತ್ರಿ ನೀರು ಎಷ್ಟು ಗಂಟೆಗೆ ಎಲ್ಲಿಗೆ ಮುಟ್ಟಿತು ಎಂದು ಊರ ಹುಡುಗರಿಂದಲೇ ಬರೆಸಬೇಕು. ಮೇಲಿನ ಸೇತುವೆಗೂ ಕೆಳಗಿನ ಸೇತುವೆಗೂ ನೀರಿನ ಏರಿಕೆಯಲ್ಲಿ ಎಷ್ಟು ಹೊತ್ತಿನ ಅಂತರ ಬಿತ್ತು, ನೆರೆ ಇಳಿದ ವಾರ ಯಾವ ದಂಡೆಯಲ್ಲಿ ಎಷ್ಟು ಮೀಟರ್ ಮಣ್ಣು ಜಾರಿತು ಎಂಬ ಎರಡು ಅಂಕಿ ಮೂರು ಮಳೆಗಾಲದವರೆಗೆ ಕೈಗೆ ಸಿಕ್ಕರೆ, ಡೋಣಿಯ ಅಂದಾಜುಪಟ್ಟಿಯನ್ನು ಬರೆಯುವವರ ಮುಂದೆ ಇಡಲು ಈ ಜಿಲ್ಲೆಯದೇ ಲೆಕ್ಕವೊಂದು ಇರುತ್ತದೆ.